ಹೆಬ್ಬೆರಳು ಹಿಡಿದವಳು

ಕೈಗುಣ ಎಂಬ ಮಾತು ಕೇಳಿದರೆ ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿ ಡಾಕ್ಟರಾದವಳು ನಾನು. ರೋಗಿ ಉಳಿದರೆ ಅದು ಔಷಧಿಯಿಂದ, ನನ್ನ ಕೈಯಲ್ಲಿ ಏನು ಮಣ್ಣಿದೆ! ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ. ಈ ‘ಹೆಚ್ಚುಕಡಿಮೆ’ ಯಾಕೆ ಬಂತು ಎಂಬುದನ್ನಷ್ಟೇ ಬರೆಯುತ್ತೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಾನು ಹುಟ್ಟಿ ಬೆಳೆದದ್ದು ಮುಂಬೈಯ ಘಾಟ್ಕೋಪರಿನಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಕುರ್ಲಾದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಎಂ.ಬಿ.ಬಿ.ಎಸ್. ಮುಗಿದ ಮೇಲೆ ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕೆಂಬ ಬಾಂಡ್ ಇತ್ತು. ಕನ್ನಡ ಬರುತ್ತದೆಂದು ನನ್ನನ್ನು ಜತ್ತ ತಾಲ್ಲೂಕಿನ ಗಡಿ ಹಳ್ಳಿಯೊಂದಕ್ಕೆ ಹಾಕಿದರು. ಹಳ್ಳಿ ಮಹಾರಾಷ್ಟ್ರದ್ದು, ಮಾತೆಲ್ಲ ಕನ್ನಡ. ಆದರೂ ಅವರ ಕನ್ನಡ ನನಗೆ, ನನ್ನದು ಅವರಿಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು.

ದವಾಖಾನೆಯ ಗೋಡೆಗೆ ನನ್ನ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದೆ. ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಬದಲಿಗೆ ನನ್ನೆದುರೇ ಆಯಾ ನೀಲವ್ವನನ್ನು, “ಹೊಸ ಬಾಯಾರ ಕೈಗುಣ ಹೆಂಗೈತಿ?” ಎಂದು ಕೇಳುತ್ತಿದ್ದರು. ಬಾಯಾರು ಎಂದರೆ ಡಾಕ್ಟರಮ್ಮ, ನಾನೇ. “ತಡೀರಿ, ನೋಡೂಣು,” ಎನ್ನುತ್ತಿದ್ದಳು ಆ ಮುದುಕಿ!

ನೀಲವ್ವನಿಗೆ ಒಂದು ಚಾಳಿಯಿತ್ತು. ಜೀವ ಹೋಗುವಂಥ ಕೇಸು ಬಂದರೆ ಮಂಚದ ಕಾಲ್ದೆಸೆಯಲ್ಲಿ ನಿಂತು ರೋಗಿಯ ಕಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುವಳು. “ಬಿಡಿ ಮಾರಾಯ್ರೆ, ಅದೇನು ಲೋಕಲ್ ಟ್ರೇನಿನ ಹಿಡಿಕೆಯಾ?” ಎಂದು ನಾನು ರೇಗಿಸಿದರೆ, “ಯಾರರ ಹಿಡಕೊಂಡಾರಂದ್ರ ಹೋಗಾಂವಗೂ ನಾಚಿಕಿ ಬರ್ತೈತ್ರಿ,” ಎನ್ನುವಳು. ಮರುದಿನ ಅವಳದು ಒಂದೇ ಪ್ರಶ್ನೆ: “ಉಂಡಾನೇನ್ರಿ ಅಂವಾ?” ರೋಗಿ ಉಂಡನೆಂದರೆ ಅವಳ ಲೆಕ್ಕದಲ್ಲಿ ಕೇಸು ಮುಗಿಯಿತು.

ಸಂಜೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಎದುರು ಕೂತು ತಿನ್ನಿಸುತ್ತಿದ್ದಳು. ವರ್ಷ ಮುಗಿದು ನಾನು ಹೊರಟ ದಿನ ಹಸಿರು ಸೀರೆಯುಟ್ಟು ಬಸ್ಸಿನ ಕಿಟಕಿಗೆ ಬಂದು “ಫೋನ್ ಹಚ್ಚರಿ” ಎಂದಿದ್ದಳು. ನಾನು ಆರು ವರ್ಷ ಒಮ್ಮೆಯೂ ಹಚ್ಚಲಿಲ್ಲ. ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದೆ, ಸರ್ಟಿಫಿಕೇಟುಗಳು ಹೆಚ್ಚಾದವು, ಅಷ್ಟೇ.

ಒಂದು ಮಧ್ಯಾಹ್ನ ಮುಂಬೈಯಲ್ಲಿ ನಾನಿದ್ದ ಆಸ್ಪತ್ರೆಗೆ ಕಟ್ಟಡ ಕೆಲಸದವನೊಬ್ಬನನ್ನು ತಂದರು. ಕರೆಂಟ್ ಹೊಡೆದಿತ್ತು, ಎದೆಬಡಿತ ನಿಂತಿತ್ತು. ಎದೆ ಒತ್ತಿದೆವು, ಶಾಕ್ ಕೊಟ್ಟೆವು, ಇಂಜೆಕ್ಷನ್ ಕೊಟ್ಟೆವು. ಮುಕ್ಕಾಲು ಗಂಟೆಯಾದರೂ ಮಾನಿಟರಿನ ಮೇಲೆ ನೇರ ಗೆರೆ. ಸಾವಿನ ಸಮಯ ಬರೆಸಲು ನಾನು ಗಡಿಯಾರ ನೋಡಿಯಾಗಿತ್ತು.

ಆಗ ಪರದೆಯ ಸಂದಿಯಲ್ಲಿ ನಿಂತಿದ್ದ ಅವನ ಹೆಂಡತಿ ಕನ್ನಡದಲ್ಲಿ, “ನಿಲ್ಲಸಬ್ಯಾಡ್ರಿ. ಆ ಮುದುಕಿ ಇನ್ನೂ ಬೆರಳ ಬಿಟ್ಟಿಲ್ಲಲ್ರಿ,” ಎಂದಳು.

ಮಂಚದ ಕಾಲ್ದೆಸೆಯಲ್ಲಿ ಯಾರೂ ಇರಲಿಲ್ಲ. ಅಂದು ಡ್ಯೂಟಿಯಲ್ಲಿದ್ದವರಲ್ಲಿ ಮುದುಕಿಯರೂ ಇರಲಿಲ್ಲ. ಜೂನಿಯರ್ ಡಾಕ್ಟರಿಗೆ ಕನ್ನಡ ಬಾರದು, ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೋಗಿ ಮುಟ್ಟಿದೆ. ಪಾದ ತಣ್ಣಗಿತ್ತು, ಹೆಬ್ಬೆರಳು ಮಾತ್ರ ಬೆಚ್ಚಗಿತ್ತು. “ಮುಂದುವರಿಸಿ,” ಎಂದೆ. ಎಂಟು ನಿಮಿಷದ ಮೇಲೆ ಗೆರೆ ಅಲುಗಿತು.

ಕರೆಂಟ್ ಹೊಡೆದ ಕೇಸಿನಲ್ಲಿ ಹೆಚ್ಚು ಹೊತ್ತು ಪ್ರಯತ್ನಿಸಬೇಕೆಂದು ಪುಸ್ತಕದಲ್ಲೇ ಇದೆ. ಜೂನಿಯರ್ ಕೇಳಿದಾಗ ಅದನ್ನೇ ಹೇಳಿದೆ, ಕೇಸ್ ಪೇಪರಿನಲ್ಲೂ ಬರೆದೆ. ಸುಳ್ಳಲ್ಲ. ಆದರೆ ನಿಲ್ಲಿಸಲೆಂದು ಗಡಿಯಾರ ನೋಡಿದ್ದೂ ನಾನೇ ಅಲ್ಲವೇ? ಹೆಂಡತಿಯನ್ನು ಆಮೇಲೆ ವಿಚಾರಿಸಿದರೆ, “ಹಸಿರು ಸೀರಿ ಉಟ್ಟಿದ್ಲರಿ,” ಎಂದಳೇ ಹೊರತು ಬೇರೇನೂ ಅವಳಿಗೆ ಗೊತ್ತಿರಲಿಲ್ಲ.

ವಾರದ ಮೇಲೆ ಅವಳು ಗಂಡನಿಗೆ ಎರಡು ಚಮಚ ಗಂಜಿ ತಿನ್ನಿಸುವುದನ್ನು ಕಂಡೆ. ತಡೆಯಲಾಗಲಿಲ್ಲ. ಅಂದು ಸಂಜೆ ಹಳ್ಳಿಯ ನರ್ಸಿನ ನಂಬರ್ ಹುಡುಕಿ ಫೋನ್ ಮಾಡಿ, ನೀಲವ್ವನ ಕೈಗೆ ಕೊಡಿಸಿದೆ.

“ನಾನು ಅವ್ವಾ, ಮುಂಬೈ ಬಾಯಾರು,” ಎಂದೆ.

“ಉಂಡಾನೇನ್ರಿ ಅಂವಾ?” ಎಂದಳು.

ನಾನು ಇನ್ನೂ ಏನೂ ಹೇಳಿರಲಿಲ್ಲ. “ಉಂಡ,” ಎಂದೆ. ಇಷ್ಟು ವರ್ಷ ನಾನು ಫೋನ್ ಮಾಡಲಿಲ್ಲವೆಂದು ಅವಳು ಬೈಯತೊಡಗಿದಳು, ಮಳೆ, ಮೊಮ್ಮಕ್ಕಳು ಎಂದು ಮಾತು ಎಲ್ಲೆಲ್ಲೋ ಹೋಯಿತು. ನನ್ನ ದನಿ ಕೇಳಿ ಹಳೆಯ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂದಿರಬಹುದು. ಹಾಗಿದ್ದರೂ ಆ ಹೆಂಡತಿ ಕಂಡದ್ದು ಯಾರನ್ನು? ನನಗೆ ಇವತ್ತಿಗೂ ತಿಳಿಯದು. ‘ಅಂವ’ ಎಂದರೆ ಯಾರೆಂದು ಹೋಗಿ ಎದುರಿಗೇ ಕೇಳೋಣವೆಂದುಕೊಂಡೆ. ಇವತ್ತು ನಾಳೆ ಎನ್ನುತ್ತಿದ್ದಂತೆ ಆ ವರ್ಷವೇ ನೀಲವ್ವ ತೀರಿಕೊಂಡಳು.

ಅವಳು ಹೋಗುವಾಗ ಹೆಬ್ಬೆರಳು ಹಿಡಿದುಕೊಳ್ಳಲು ಯಾರಾದರೂ ಇದ್ದರೋ ಇಲ್ಲವೋ. ನಾನಂತೂ ಇರಲಿಲ್ಲ.