ವೈನಿ ಜಗಳ ಬಿಟ್ಟದ್ದು

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಹತ್ತರಗಿಯವಳು. ಹೆದ್ದಾರಿ ಬದಿಯಲ್ಲಿ ಬೆಳೆದವಳಲ್ಲವೇ, ಲಾರಿ ಸದ್ದನ್ನು ಮೀರಿಸಿ ಮಾತಾಡುವುದು ಹುಟ್ಟುಗುಣ ಎಂದು ನಾನು ಛೇಡಿಸುತ್ತಿದ್ದೆ. ಕಲ್ಲೋಳಿಯ ನಮ್ಮ ಮನೆಗೆ ಬಂದ ಮೇಲೂ ಆ ದನಿ ಇಳಿಯಲಿಲ್ಲ. ನಾನು ಮೂಡಲಗಿಯಲ್ಲಿ ಶಾಲೆ ಕಲಿಸುವವಳು. ರವಿವಾರ ತವರಿಗೆ ಹೋದರೆ ನಮ್ಮಿಬ್ಬರದೂ ಒಂದು ಜಗಳ ಆಗಲೇಬೇಕು. ನಾನು ಶೇಂಗಾ ಚಟ್ನಿಯನ್ನು ಮಿಕ್ಸರಿಗೆ ಹಾಕುತ್ತೇನೆ, ಅವಳಿಗೆ ಅದು ಒರಳಲ್ಲೇ ಕುಟ್ಟಿದ್ದಾಗಬೇಕು. "ಇದು ಚಟ್ನಿ ಅಲ್ಲ, ಹಿಟ್ಟು. ನಿನ್ನ ಸಾಲಿ ಹುಡುಗರಿಗೆ ತಿನಿಸ್ ಹೋಗ" ಅನ್ನುತ್ತಿದ್ದಳು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿ ನೋಯುವ ತನಕ ಜಗಳಾಡಿ, ಆಮೇಲೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು.

ಅಂಥವಳು ಕಳೆದ ಬೇಸಿಗೆಯಲ್ಲಿ ನಿದ್ದೆ ಬಿಟ್ಟಳು. ಅಡುಗೆಮನೆಯಲ್ಲಿ ಯಾರೋ ನಿಂತಿದ್ದಾರೆ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಮುಂದೆ ಫಿಟ್ಸ್ ಬಂತು. ಗೋಕಾಕದಲ್ಲಿ ತೋರಿಸಿ, ಅವರು ಹೇಳಿದಂತೆ ಬೆಳಗಾವಿಗೆ ಒಯ್ದೆವು. ಅಲ್ಲಿ ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ, ನೀರು ತೆಗೆದು ಪರೀಕ್ಷೆ ಮಾಡಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸಿದೆ, ಅದರ ಗುರುತು ಆ ನೀರಿನಲ್ಲಿ ಸಿಕ್ಕಿದೆ ಅಂದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾನು ಅಣ್ಣನಿಗೆ ತಿಳಿಸಿ ಹೇಳಿದೆ.

ಸಲಾಯಿನ್ ಜೊತೆ ದಿನಾಲೂ ಔಷಧ ಹೋಯಿತು. ವೈನಿ ಎದ್ದಳು, ನಡೆದಳು, ಮನೆಗೆ ಬಂದಳು. ಜಗಳ ಮಾತ್ರ ಆಡಲಿಲ್ಲ.

ಅವ್ವನಿಗೆ ಹಿಗ್ಗೋ ಹಿಗ್ಗು. "ದವಾಖಾನಿಗೆ ಹೋಗಿ ಬಂದು ಸೊಸಿ ಶ್ಯಾಣೆ ಆಗ್ಯಾಳ. ಏನ್ ಅಂದ್ರೂ ಹೂಂ ಅಂತಾಳ" ಎಂದು ಓಣಿಗೆಲ್ಲ ಹೇಳಿದಳು. ನನಗೆ ಅದು ಸರಿ ಕಾಣಲಿಲ್ಲ. ಒಂದು ರವಿವಾರ ಬೇಕಂತಲೇ ಮಿಕ್ಸರಿನಲ್ಲಿ ನುಣ್ಣಗೆ ಮಾಡಿದ ಚಟ್ನಿ ಒಯ್ದು ಅವಳ ತಾಟಿಗೆ ಬಡಿಸಿದೆ. ತಿಂದಳು. "ಹೆಂಗ ಐತಿ ವೈನಿ?" ಅಂದೆ. "ಚಲೋ ಐತಿ" ಅಂದಳು. ನಾನು ತಾಟು ಸರಿಸಿ ಎದ್ದೆ.

ಮತ್ತೆ ಬೆಳಗಾವಿಗೆ ಹೋದಾಗ ಇನ್ನೊಮ್ಮೆ ಬೆನ್ನಿನ ನೀರು ತೆಗೆದರು. ಅದರ ರಿಪೋರ್ಟು ಬಂದ ದಿನ ಎಲ್ಲರೂ ಡಾಕ್ಟರ ಎದುರು ಕೂತೆವು. "ಮೊದಲಿದ್ದ ಗುರುತು ಭಾಳ ಇಳದೈತ್ರಿ" ಅಂದರು ಅವರು. "ಆದ್ರ ನೀರು ನೋಡಿ ಎಲ್ಲಾ ಹೇಳಾಕ ಬರೂದಿಲ್ಲ. ಇನ್ನೊಂದು ಜೋರಿನ ಔಷಧ ಐತಿ. ಅದನ್ನ ಕೊಡೂದೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೇನಿ. ಮನ್ಯಾಗ ಹೆಂಗದಾರು, ನೀವು ಹೇಳ್ರಿ."

"ಆರಾಮ ಅದಾಳ್ರಿ ಸಾಹೇಬ್ರ" ಎಂದು ಅವ್ವ, ಅಣ್ಣ ಒಟ್ಟಿಗೇ ಅಂದರು. ನಮ್ಮ ಕಡೆ ಇದೊಂದು ರೂಢಿ. ಹಾದಿಯಲ್ಲಿ ಯಾರು ಕೇಳಿದರೂ ಆರಾಮ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಮೊದಲ ಮಾತು ಆರಾಮ. ಅದರಲ್ಲೂ ಜೀವ ಉಳಿಸಿದ ಡಾಕ್ಟರಿಗೆ ಬೇರೆ ಏನಾದರೂ ಹೇಳುವುದು ಉಪಕಾರಗೇಡಿತನ. ಡಾಕ್ಟರು ವೈನಿಯನ್ನೇ ಕೇಳಿದರು. ಅವಳು ಅವ್ವನ ಮುಖ ನೋಡಿ, "ಆರಾಮ ಅದೀನ್ರಿ" ಅಂದಳು.

ನನಗೆ ತಡೆಯಲಾಗಲಿಲ್ಲ. "ಆರಾಮಿಲ್ರಿ! ನನ್ನ ಜೋಡಿ ಜಗಳಾ ಬಿಟ್ಟಾಳ್ರಿ" ಅಂದುಬಿಟ್ಟೆ.

ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಡಾಕ್ಟರು ನಗಲಿಲ್ಲ. ಎಂಥ ಜಗಳ, ಯಾತಕ್ಕಾಗಿ ಎಂದು ನನ್ನಿಂದ ಬಿಡಿಸಿ ಕೇಳಿದರು. ಚಟ್ನಿಯ ಕಥೆಯನ್ನೆಲ್ಲ ಹೇಳಿದೆ. ಆಮೇಲೆ ಅವರು ವೈನಿಯ ಕಡೆ ತಿರುಗಿ, "ನಿಮ್ಮ ನಾದಿನಿ ಈಗ ಏನ್ ಹೇಳಿದ್ರು, ನನಗ ಹೇಳ್ರಿ ನೋಡೂಣು" ಅಂದರು.

ವೈನಿ ಸೀರೆಯ ಅಂಚು ತಿರುವಿದಳು. "ತಿಳಿಯಾಂಗಿಲ್ರಿ" ಅಂದಳು. "ಅರ್ಧಾ ಕೇಳೂದ್ರಾಗ ಮೊದಲಿಂದು ಮರೀತೈತಿ. ಹೂಂ ಅಂದ್ರ ಯಾರೂ ಮತ್ತೊಮ್ಮೆ ಕೇಳಾಂಗಿಲ್ರಿ. ಅದಕ ಹೂಂ ಅಂತೀನ್ರಿ."

ಅಣ್ಣ ಎದ್ದು ಹೊರಗೆ ಹೋದ. ನನಗೆ ಅಳು ಬಂತು, ಅಲ್ಲೇ ಅತ್ತೆ.

ಜೋರಿನ ಔಷಧ ಶುರುವಾಗಿದೆ. ನೆನಪು ಎಷ್ಟು ಮರಳಿ ಬರುತ್ತದೆ, ಯಾವಾಗ ಬರುತ್ತದೆ ಎಂದು ಖಾತ್ರಿ ಕೊಡಲು ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು ಅಂದಿದ್ದಾರೆ ಡಾಕ್ಟರು. ಕಾಯುತ್ತಿದ್ದೇವೆ. ನನಗೆ ಹೆದರಿಕೆ ಹೋಗಿಲ್ಲ.

ಅವ್ವ ಈಗ ಓಣಿಯಲ್ಲಿ ಸೊಸೆಯ ಮಾತೆತ್ತುವುದಿಲ್ಲ. ಹೋದ ರವಿವಾರ ನಾನು ಹೋದಾಗ ವೈನಿಯ ಎದುರು ಕೂತಿದ್ದಳು. "ರೊಟ್ಟಿ ಜೋಡಿ ಬದನಿಕಾಯಿ ಮಾಡ್ಲೋ, ಬ್ಯಾಳಿ ಮಾಡ್ಲೋ?" ಎಂದು ಕೇಳಿದಳು.

"ಹೂಂರಿ ಅತ್ತಿ."

ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಹೂಂ ಅನಬ್ಯಾಡವಾ. ಒಲ್ಲೆ ಅನ್ನು. ಬೈ ನನಗ. ನಾ ಏನ್ ಕೇಳಿದೆ, ಅದನ್ನರ ಹೇಳು."

ವೈನಿ ಅವ್ವನ ಮುಖವನ್ನೇ ನೋಡಿದಳು. ಅತ್ತೆಗೆ ಬೇಜಾರಾಗಬಾರದೆಂಬಂತೆ ಸ್ವಲ್ಪ ನಕ್ಕು, "ಹೂಂರಿ" ಅಂದಳು.