ಲೇಸರಿನ ಎದುರು ಆಚಾರ್ರ ಕನ್ನಡಿ

ಮಾಲೂರಿನ ನಮ್ಮ ಲ್ಯಾಬಿಗೆ ಹೊಸ ಮೈಕ್ರೋಸ್ಕೋಪ್ ಬಂದಿತ್ತು. ಅದರ ಲೇಸರ್ ಬೆಳಕು ಹೊರಗೆ ಬರದ ಹಾಗೆ ಸುತ್ತ ಕಪ್ಪು ಪೆಟ್ಟಿಗೆ ಕಟ್ಟಲು ಶಿವಾರಪಟ್ಟಣದ ಆಚಾರ್ರನ್ನು ಕರೆಸಿದೆ. ವಿಗ್ರಹ ಕೆತ್ತುವವರು, ಮರಗೆಲಸವೂ ಬರುತ್ತಿತ್ತು.

"ಬೆಳಕು ಯಾರ ಕಣ್ಣಿಗೂ ಬೀಳಬಾರದು" ಎಂದೆ.

"ನಮಗೇನು ಹೊಸದಾ ಸಾರ್?" ಅಂದರು.

ಪೆಟ್ಟಿಗೆ ಅಚ್ಚುಕಟ್ಟಾಗಿತ್ತು. ಆದರೆ ಒಳಗೆ, ಲೇಸರಿನ ನೇರಕ್ಕೇ ಒಂದು ಕನ್ನಡಿ!

"ಇದ್ಯಾಕೆ ಆಚಾರ್ರೇ? ಬೆಳಕು ವಾಪಸ್ ನಮ್ಮ ಮೇಲೇ ಬರುತ್ತೆ!"

"ವಿಗ್ರಹಕ್ಕೆ ಕಣ್ಣು ತೆರೆಸಿದಾಗ ಮೊದಲ ದೃಷ್ಟಿ ಕನ್ನಡಿ ಮೇಲೆ ಬೀಳ್ಬೇಕು ಸಾರ್. ಇಲ್ಲಾಂದ್ರೆ ಎದುರಿಗೆ ನಿಂತೋರ ಗತಿ ಅಷ್ಟೇ."

ಕನ್ನಡಿ ಕಿತ್ತುಹಾಕಿದೆ. ಆದರೆ ಗೋಡೆಯ ಲೇಸರ್ ಎಚ್ಚರಿಕೆ ಫಲಕಕ್ಕೆ ಕ್ಯಾರೇ ಅನ್ನದ ನಮ್ಮ ಲ್ಯಾಬಿನವರೆಲ್ಲ ಆ ಮಾತು ಕೇಳಿದ್ದೇ ಮೂಲೆ ಸೇರಿದರು. ಮೂಢನಂಬಿಕೆ ಅಂತ ಬೈದು ಸ್ವಿಚ್ ಒತ್ತಿದೆ. ಕಾಲಿಗೆ ನೆಲ ತಣ್ಣಗೆ ತಾಕಿತು. ಗುಡಿಗೆ ಬಂದವನ ಹಾಗೆ ಶೂ ಯಾವಾಗ ಬಾಗಿಲಾಚೆ ಬಿಟ್ಟು ಬಂದಿದ್ದೆನೋ!