ಆರ್ಲಿಸ್‌ನನ್ನು ಹೊತ್ತವರು

ನನ್ನ ಗಂಡ ಆರ್ಲಿಸ್ ಟಿಡ್‌ವೆಲ್ ಸತ್ತದ್ದು ಡಿಸೆಂಬರಿನ ಒಂದು ಮಂಗಳವಾರ ಮಧ್ಯಾಹ್ನ, ಕಾಲೇಜಿನ ಮೈದಾನದ ಹಿಂದೆ, ತನ್ನ ಟ್ರಕ್ಕಿನೊಳಗೆ, ಎದೆ ನಿಂತು. ಎಂಜಿನ್ ಓಡುತ್ತಿತ್ತು. ರೇಡಿಯೊ ಮಾತಾಡುತ್ತಿತ್ತು. ಆ ವಾರವೆಲ್ಲ ರೇಡಿಯೊದಲ್ಲಿ ಒಂದೇ ಮಾತು, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಡಿಫೆನ್ಸಿಗೆ ಹೊಸ ಯಜಮಾನ ಯಾರು ಬರುತ್ತಾನೆ ಅಂತ. ಕೊನೆಗೆ ಏನು ಕೇಳಿಸಿಕೊಂಡನೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಪೇಪರಿನಲ್ಲಿ ಅವನ ಬಗ್ಗೆ ಚಿಕ್ಕದಾಗಿ ಹಾಕಿದ್ದರು. ಅದರಲ್ಲೂ ಅರ್ಧ ಹೊಸಬನ ಸುದ್ದಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆರ್ಲಿಸ್ ಈ ಊರಿನವನೇ. ಅವನ ಅಪ್ಪ ಮರದ ಮಿಲ್ಲಿನಲ್ಲಿ ಗರಗಸ ಎಳೆಯುತ್ತಿದ್ದ. ಆರ್ಲಿಸ್ ಇದೇ ಕಾಲೇಜಿಗೆ ಫುಟ್‌ಬಾಲ್ ಆಡಿದ. ಯಾರೂ ಕರೆದಿರಲಿಲ್ಲ, ತಾನೇ ಹೋಗಿ ಬಾಗಿಲು ತಟ್ಟಿದ್ದ. ಮಂಡಿ ಮುರಿಯುವವರೆಗೆ ಆಡಿದ. ಆಮೇಲೆ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಕಲಿಸಿದ, ಬಸ್ಸೂ ಓಡಿಸಿದ. ನಾನು ಕೋಳಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಸಂಜೆ ಅದೇ ಖಾಲಿ ಬಸ್ಸಿನಲ್ಲಿ ನನ್ನನ್ನು ಮನೆಗೆ ಬಿಡುತ್ತಿದ್ದ. ನನ್ನ ಮೈಯೆಲ್ಲ ಕೋಳಿ ವಾಸನೆ. "ನಿನ್ನ ಹತ್ರ ಕೂತ್ರೆ ಹಸಿವಾಗುತ್ತೆ ಕಣೇ" ಅನ್ನುತ್ತಿದ್ದ. ಹಾಗೆ ಮದುವೆಯಾದೆವು.

ಕೊನೆಗೆ ಕಾಲೇಜಿನವರು ಕರೆದರು. ಡಿಫೆನ್ಸಿನಲ್ಲಿ ನಡುವೆ ನಿಲ್ಲುವ ಹುಡುಗರನ್ನು ನೋಡಿಕೊಳ್ಳುವ ಕೆಲಸ. ಚೆಂಡು ಹಿಡಿದು ಓಡಿ ಬರುವವನನ್ನು ಅಪ್ಪಿ ಕೆಡವುವ ಹುಡುಗರು ಅವರು. ಆರ್ಲಿಸ್‌ನ ಮೇಲೆ ಡಿಫೆನ್ಸಿನ ಯಜಮಾನ ಒಬ್ಬ ಇರುತ್ತಿದ್ದ. ಯಜಮಾನರು ಬಂದರು, ಹೋದರು. ಬಂದವನೆಲ್ಲ ಹಳೆಯ ಯಜಮಾನನ ಜನರನ್ನು ಓಡಿಸಿ ತನ್ನ ಜನರನ್ನು ತರುತ್ತಿದ್ದ. ಆರ್ಲಿಸ್‌ನನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಪ್ರೀತಿಯಿಂದಲ್ಲ. ಈ ಅಲಬಾಮಾದ ಯಾವ ಮೂಲೆಯಲ್ಲಿ ಒಳ್ಳೆಯ ಆಟದ ಹುಡುಗನಿದ್ದಾನೆ, ಅವನ ಅಜ್ಜಿ ಯಾವ ಚರ್ಚಿಗೆ ಹೋಗುತ್ತಾಳೆ ಅನ್ನುವುದು ಅವನಿಗೆ ಗೊತ್ತಿತ್ತು. ಬಂದವರೆಲ್ಲ ಅವನ ಟ್ರಕ್ಕಿನಲ್ಲಿ ಕೂತು, ಹುಡುಗರನ್ನು ತಂಡಕ್ಕೆ ಕೇಳಲಿಕ್ಕೆ ಆ ಅಜ್ಜಿಯರ ಮನೆಗೆ ಹೋಗಿ ಬಂದರು.

ಅವನದೊಂದು ಪದ್ಧತಿ ಇತ್ತು. ಮೈದಾನದಲ್ಲಿ ಹುಡುಗರು ಗುದ್ದಿ ಕೆಡವಲಿಕ್ಕೆ ಮನುಷ್ಯನಷ್ಟು ಉದ್ದದ ಕ್ಯಾನ್ವಾಸ್ ಮೂಟೆ ಇರುತ್ತದೆ. ಒಳಗೆ ಮರಳು ತುಂಬಿರುತ್ತಾರೆ. ಹುಡುಗರು ಅದಕ್ಕೆ ಮೋಸ್ ಮಾಮ ಅಂತ ಹೆಸರಿಟ್ಟಿದ್ದರು. ಬೇರೆ ಕೋಚ್‌ಗಳು ಆಟ ಮುಗಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು, ಆಳುಗಳು ಎಳೆದು ತರಲಿ ಅಂತ. ಆರ್ಲಿಸ್ ಬಿಡುತ್ತಿರಲಿಲ್ಲ. ಅವನ ಹುಡುಗರು ಆರು ಜನ ಅದನ್ನು ಹೊತ್ತು ಒಳಗೆ ತರಬೇಕು. "ಬಗ್ಗಿ. ನಿಧಾನ. ಮಾತು ಬೇಡ" ಅನ್ನುತ್ತಿದ್ದ. "ಇಡೀ ದಿನ ಅವನನ್ನ ಗುದ್ದಿದೀರಿ. ಮನೆಗಾದ್ರೂ ಮರ್ಯಾದೆಯಿಂದ ಕರ್ಕೊಂಡು ಹೋಗಿ."

ಹುಡುಗರು ನಗುತ್ತಿದ್ದರು. ಆಗ ಆರ್ಲಿಸ್, "ನಗ್ರೋ ನಗ್ರಿ. ನಾಳೆ ನನ್ನನ್ನೂ ನೀವೇ ಹೊರಬೇಕು. ಈಗಲೇ ಕಲೀರಿ" ಅನ್ನುತ್ತಿದ್ದ.

ತಮಾಷೆಗಲ್ಲ. ಮನೆಯಲ್ಲಿ ನನಗೂ ಹೇಳಿದ್ದ. ಮಕ್ಕಳಿಲ್ಲ ನಮಗೆ. "ಹುಡುಗರು ಹೊರಲಿ ವೆಲ್ಮಾ. ಬೇರೇನೂ ಬೇಡ" ಅಂದಿದ್ದ.

ಅಕ್ಟೋಬರಿನಲ್ಲಿ ತಂಡ ಕೆಟ್ಟದಾಗಿ ಸೋತಿತು. ಆಗಿದ್ದ ಯಜಮಾನನನ್ನು ಓಡಿಸಿದರು. ಮುಖ್ಯ ಕೋಚ್ ಬ್ರೆಂಟ್ ಹಾಲಿಫೀಲ್ಡ್ ಆರ್ಲಿಸ್‌ನನ್ನು ಕರೆದು, ಈ ವರ್ಷ ಮುಗಿಯುವ ತನಕ ಡಿಫೆನ್ಸು ನೀನೇ ನೋಡಿಕೋ ಅಂದ. ಸದ್ಯಕ್ಕೆ ಅಂತ. ಆರ್ಲಿಸ್ ಮನೆಗೆ ಬಂದು ಶೂ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ಹೇಳಿದ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಆಡಿದ್ದರಲ್ಲಿ ಒಂದು ಬಿಟ್ಟು ಎಲ್ಲ ಗೆದ್ದರು. ನನ್ನ ಗಂಡ ಆಸೆಪಟ್ಟ. ಅವನು ಆಸೆಪಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಂದರ್ಶನಕ್ಕೆ ಅಂತ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡ. ಹಾಲಿಫೀಲ್ಡ್, "ಹಬ್ಬ ಕಳೀಲಿ ಆರ್ಲಿಸ್, ಕೂತು ಮಾತಾಡೋಣ" ಅಂದಿದ್ದ.

ನವೆಂಬರ್ ಕೊನೆಯ ಹಬ್ಬ ಕಳೆಯಿತು. ಟರ್ಕಿ ಕೋಳಿ ತಿಂದೆವು. ಹಾಲಿಫೀಲ್ಡ್ ಆಗಲೇ ಟೆಕ್ಸಾಸಿನ ಒಬ್ಬನ ಜೊತೆ ಮಾತು ಮುಗಿಸಿದ್ದ. ಕೋಲ್ಬಿ ರ್‍ಯಾಂಡಲ್ ಅಂತ. ಊರಿಗೆಲ್ಲ ಗೊತ್ತಿತ್ತು. ಆರ್ಲಿಸ್‌ಗೆ ಯಾರೂ ಹೇಳಲಿಲ್ಲ. ಅಂಗಿ ಬೀರುವಿನಲ್ಲೇ ಇತ್ತು. ಅದೇ ಅಂಗಿ ಹಾಕಿ ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದೆವು.

ಅವನು ಸತ್ತ ಮಾರನೆಯ ದಿನ ಹಾಲಿಫೀಲ್ಡ್ ಮನೆಗೆ ಬಂದ. ಸಾವಿನ ಮನೆಗೆ ನೆರೆಹೊರೆಯವರು ಊಟ ತಂದಿಟ್ಟಿದ್ದರು. ಹಂದಿ ಮಾಂಸ, ಸಾಸಿವೆ ಹಾಕಿ ತುಂಬಿದ ಮೊಟ್ಟೆ, ಬಾಳೆಹಣ್ಣಿನ ಪುಡ್ಡಿಂಗ್. ಅವನು ಟೇಬಲ್ಲಿನ ಹತ್ತಿರವೇ ನಿಂತ. ಆರ್ಲಿಸ್ ತನಗೆ ಅಣ್ಣನ ಹಾಗೆ ಅಂದ, ಒಂದು ಮೊಟ್ಟೆ ಬಾಯಿಗೆ ಹಾಕಿಕೊಂಡ. ದೇವರ ಇಚ್ಛೆ ಅಂದ, ಇನ್ನೊಂದು ಹಾಕಿಕೊಂಡ.

"ಮಿಸ್ ವೆಲ್ಮಾ, ಮಣ್ಣು ಶನಿವಾರ ಅಂತ ಕೇಳ್ದೆ."

"ಹೌದು. ಹನ್ನೊಂದಕ್ಕೆ."

"ಅದೇ ತೊಂದ್ರೆ ನೋಡಿ. ಶನಿವಾರ ಬೆಳಿಗ್ಗೆ ಹೊಸ ಡಿಫೆನ್ಸ್ ಕೋಚ್ ಬರ್ತಿದಾರೆ. ವಿಮಾನ ಎಲ್ಲ ಗೊತ್ತು ಮಾಡಿಯಾಗಿದೆ. ಹುಡುಗರಿಗೆ ಪರಿಚಯ ಮಾಡಿಸ್ಬೇಕು, ಟೀವಿಯವರು ಬರ್ತಾರೆ. ಆರ್ಲಿಸ್‌ನ ಸೋಮವಾರಕ್ಕೆ ಹಾಕೋಕಾಗುತ್ತಾ?"

"ಆರ್ಲಿಸ್‌ಗೆ ಯಾವ ದಿನವೂ ಬಿಡುವೇ ಬ್ರೆಂಟ್. ನನಗಿಲ್ಲ."

ಅವನು ಮೊಟ್ಟೆ ನುಂಗಿದ. "ಹಾಗಾದ್ರೆ ಸ್ಟೇಡಿಯಮ್ಮಿನಲ್ಲೇ ಮಾಡೋಣ. ದೊಡ್ಡ ಪರದೆ ಮೇಲೆ ಅವನ ಫೋಟೊ ಹಾಕ್ತೀವಿ. ಅದು ಮುಗೀತಿದ್ದ ಹಾಗೇ ಅದೇ ವೇದಿಕೆ ಮೇಲೆ ಹೊಸಬರನ್ನ..."

ಆರ್ಲಿಸ್‌ನ ಅಕ್ಕ ಓಪಲ್ ಸಿಂಕಿನ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ತಿರುಗಲಿಲ್ಲ. "ಒಂದೇ ಟಿಕೆಟ್ಟಿಗೆ ಎರಡು ಆಟ. ಪಾಪ್‌ಕಾರ್ನೂ ಮಾರ್ತೀಯೇನಪ್ಪ?" ಅಂದಳು.

ನಾನು ಹೇಳಿದೆ, "ಸ್ಟೇಡಿಯಂ ಬೇಡ, ಪರದೆ ಬೇಡ. ಅವನ ಆರು ಹುಡುಗರನ್ನ ಕಳಿಸು. ಅವನನ್ನ ಹೊರಬೇಕು. ಅಷ್ಟೇ."

"ಕಳಿಸ್ತೀನಿ. ಮಾತು ಕೊಟ್ಟೆ, ಮಿಸ್ ವೆಲ್ಮಾ."

ನನ್ನ ಟವೆಲಿಗೆ ಕೈ ಒರೆಸಿಕೊಂಡು ಹೋದ. ಆ ಟವೆಲನ್ನು ನಾನು ಕಸದ ಡಬ್ಬಕ್ಕೆ ಹಾಕಿದೆ.

ಶುಕ್ರವಾರ ಸಂಜೆ ಜಕೋರಿ ಮಿಂಟರ್ ಫೋನ್ ಮಾಡಿದ. ಆರ್ಲಿಸ್‌ನ ಹುಡುಗರಲ್ಲಿ ಹಿರಿಯವನು. ಅವನನ್ನು ಅವನ ಅಜ್ಜಿಯ ಮನೆಯಿಂದ ಕರೆತಂದದ್ದು ಆರ್ಲಿಸ್ಸೇ.

"ಮಿಸ್ ವೆಲ್ಮಾ, ನಾಳೆ ಎಲ್ರೂ ಮೀಟಿಂಗ್ ಹಾಲಲ್ಲೇ ಇರಬೇಕಂತೆ. ಈಗ ಮೆಸೇಜ್ ಬಂತು."

"ನೀವು ಆರು ಜನ ಬಿಟ್ಟು ತಾನೆ?"

"ಎಲ್ರೂ ಅಂತ ಬರ್ದಿದಾರೆ. ಇರದವರಿಗೆ ಹೊಸ ಕೋಚ್ ಹತ್ರ ಜಾಗ ಇರಲ್ಲವಂತೆ. ನಾನೇನು ಮಾಡ್ಲಿ?"

"ನಿನ್ನ ಜಾಗ ನೋಡ್ಕೊ ಮಗಾ" ಅಂದೆ. ಇನ್ನೇನು ಹೇಳಲಿ? ಅವನ ವಿದ್ಯೆ, ಅವನ ಊಟ, ಎಲ್ಲಕ್ಕೂ ಕಾಲೇಜು ದುಡ್ಡು ಕೊಡುವುದು ಆ ಜಾಗಕ್ಕೇ.

ಹಾಲಿಫೀಲ್ಡ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವನ ಆಫೀಸಿನ ಹುಡುಗಿ ಎತ್ತಿ, "ಕೋಚ್ ನಿಮ್ಮನ್ನ ಪ್ರಾರ್ಥನೆಯಲ್ಲಿ ನೆನೀತಿದಾರೆ" ಅಂದಳು.

ಶನಿವಾರ ಚರ್ಚಿನಲ್ಲಿ ಎಡಗಡೆಯ ಮೊದಲ ಬೆಂಚು ಖಾಲಿ. ಹುಡುಗರಿಗೆ ಅಂತ ಓಪಲ್ ಬಿಳಿ ರಿಬ್ಬನ್ ಕಟ್ಟಿದ್ದಳು. ಪಾದ್ರಿ ಪ್ರಾರ್ಥನೆ ಓದುತ್ತ ಆ ಬೆಂಚು ನೋಡಿದ, ಬೇರೆ ಕಡೆ ನೋಡಿದ, ಮತ್ತೆ ಅದನ್ನೇ ನೋಡಿದ. ಕಾಲೇಜಿನವರು ಚೌಕಟ್ಟಿಗೆ ಸುತ್ತಿದ ಹೂವಿನ ಹಾರ ಕಳಿಸಿದ್ದರು. ಫುಟ್‌ಬಾಲಿನ ಆಕಾರ. ಕಾಲೇಜಿನ ಬಣ್ಣ, ನೇರಳೆ ಮತ್ತು ಬಿಳಿ. ನಡುವೆ ಕಾಲೇಜಿನ ಗುರುತು. ಆರ್ಲಿಸ್‌ನ ಹೆಸರು ಎಲ್ಲೂ ಇರಲಿಲ್ಲ.

ಚರ್ಚಿನಿಂದ ಹೆಣದ ಗಾಡಿಗೆ ಪೆಟ್ಟಿಗೆಯನ್ನು ಅಂತ್ಯಸಂಸ್ಕಾರದವರ ತಳ್ಳುಗಾಡಿಯಲ್ಲಿ ತಂದರು. ಹೊರುವುದು ಸ್ಮಶಾನದಲ್ಲಿ. ಅಲ್ಲಿ ಏರು ಇದೆ, ಚಕ್ರ ಹೋಗುವುದಿಲ್ಲ.

ನಮ್ಮ ಸ್ಮಶಾನ ಇರುವುದು ವಿಮಾನ ಇಳಿಯುವ ಬಯಲಿನ ಆಚೆ. ಚಿಕ್ಕ ಬಯಲು, ಹೊಲಕ್ಕೆ ಔಷಧಿ ಹೊಡೆಯುವ ವಿಮಾನಗಳು ಇಳಿಯುತ್ತವೆ. ಹೊಸ ಕೋಚ್ ಬರುವ ದಿನ ಮಾತ್ರ ಊರೆಲ್ಲ ಅಲ್ಲಿರುತ್ತದೆ. ಅದು ಇಲ್ಲಿಯ ಹುಚ್ಚು. ಯಾವ ವಿಮಾನ ಎಲ್ಲಿಂದ ಹೊರಟಿತು ಅಂತ ಫೋನಿನಲ್ಲಿ ನೋಡುತ್ತ ಬೇಲಿ ಹಿಡಿದು ನಿಂತಿರುತ್ತಾರೆ. ಅಮ್ಮನಿಗೆ ಜ್ವರ ಬಂದರೆ ನೋಡಲಿಕ್ಕೆ ಹೋಗದವರು ಕೂಡ ಇರುತ್ತಾರೆ.

ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಹೆಣದ ಗಾಡಿ ಬಂದರೆ ಎದುರಿನವರು ಕಾರು ಪಕ್ಕಕ್ಕೆ ನಿಲ್ಲಿಸುತ್ತಾರೆ, ಟೋಪಿ ತೆಗೆಯುತ್ತಾರೆ. ಸತ್ತವನು ಶತ್ರುವಾದರೂ ಸರಿ. ನಾನು ಹುಟ್ಟಿದಾಗಿನಿಂದ ಯಾರೂ ಅದನ್ನು ತಪ್ಪಿಸಿದ್ದು ನೋಡಿಲ್ಲ.

ಆವತ್ತು ನೋಡಿದೆ. ಮುಂದೆ ಪೊಲೀಸಿನವನ ಮೋಟಾರ್ ಸೈಕಲ್ಲು, ಹಿಂದೆ ಉದ್ದನೆಯ ಕಪ್ಪು ಗಾಡಿ, ಅದರ ಹಿಂದೆ ನಮ್ಮ ಕಪ್ಪು ಕಾರು. ಬೇಲಿಯ ಹತ್ತಿರ ಇದ್ದವರಿಗೆ ಅಷ್ಟೇ ಸಾಕಾಯಿತು. ಹೊಸ ಕೋಚ್ ಬಂದುಬಿಟ್ಟ ಅಂದುಕೊಂಡರು. ನೇರಳೆ ಬಾವುಟ ಬೀಸುತ್ತ ರಸ್ತೆಗೆ ಓಡಿಬಂದರು. ಕಹಳೆ ಊದಿದರು. "ಡಿಫೆನ್ಸ್! ಡಿಫೆನ್ಸ್!" ಅಂತ ಕಾಲು ನೆಲಕ್ಕೆ ಬಡಿದು ಕೂಗಿದರು. ನನ್ನ ಗಂಡನ ಹೆಣಕ್ಕೆ. ಒಬ್ಬ ಬೋಳುತಲೆಯವನು ಹೆಣದ ಗಾಡಿಯ ಬೆನ್ನಿಗೆ ಬಡಿದು, "ತೋರಿಸು ಅವರಿಗೆ!" ಅಂದ. ಅವನು ನಮ್ಮ ಚರ್ಚಿನವನೇ. ಕಾಣಿಕೆ ತಟ್ಟೆ ಹಿಡಿಯುತ್ತಾನೆ.

ಓಪಲ್ ಕಿಟಕಿ ಇಳಿಸಿದಳು. "ಏಯ್ ಡಾರಿಲ್! ನಿಮ್ಮ ಕೋಚ್ ಆ ಗಾಡೀಲೇ ಮಲಗಿದಾನೆ. ಹೋಗು, ಬಾಗಿಲು ತೆಗೆದು ಕೈ ಕುಲುಕು!"

ಡಾರಿಲ್ ನನ್ನ ಮುಖ ನೋಡಿದ. ಅವನ ಬಾಯಿ ತೆರೆದೇ ಇತ್ತು. ಅವನು ಟೋಪಿ ತೆಗೆದ, ಅವನನ್ನು ನೋಡಿ ಪಕ್ಕದವನು ತೆಗೆದ. ದೂರದಲ್ಲಿದ್ದವರಿಗೆ ಇನ್ನೂ ಗೊತ್ತಾಗಿರಲಿಲ್ಲ. ನಾವು ತಿರುವು ದಾಟುವವರೆಗೂ ಊದುತ್ತಲೇ ಇದ್ದರು.

ವಿಮಾನ ಇನ್ನೂ ಬಂದೇ ಇರಲಿಲ್ಲ. ಟೆಕ್ಸಾಸಿನಲ್ಲಿ ಮಂಜು ಅಂತೆ. ಹುಡುಗರು ಬೆಳಿಗ್ಗೆಯಿಂದ ಆ ಮೀಟಿಂಗ್ ಹಾಲ್‌ನಲ್ಲಿ ಡೋನಟ್ ತಿನ್ನುತ್ತ ಸುಮ್ಮನೆ ಕೂತಿದ್ದರಂತೆ. ಯಾರೂ ಇಲ್ಲದ ವೇದಿಕೆ ನೋಡುತ್ತ.

ಇದನ್ನು ನನಗೆ ಹೇಳಿದವನು ಜಕೋರಿ. ಸ್ಮಶಾನದ ಗೇಟಿನಲ್ಲಿ ನಿಂತಿದ್ದ, ತೋಳು ಗಿಡ್ಡವಾದ ಕಪ್ಪು ಕೋಟು ಹಾಕಿಕೊಂಡು. ಹಣೆಯಲ್ಲಿ ಬೆವರು.

"ಎದ್ದು ಬಂದ್ಬಿಟ್ಟೆ" ಅಂದ.

"ಉಳಿದವರು?"

ನೆಲ ನೋಡಿದ. "ಬಾಗಿಲ ತನಕ ಬಂದ್ರು, ಮಿಸ್ ವೆಲ್ಮಾ."

ಪೆಟ್ಟಿಗೆಗೆ ಆರು ಹಿಡಿ. ಜಕೋರಿ ಒಂದಕ್ಕೆ. ಆರ್ಲಿಸ್‌ನ ತಮ್ಮ ಹಾಯ್ಟ್ ಒಂದಕ್ಕೆ, ಅವನಿಗೆ ಸೊಂಟ ನೋವು. ಪಾದ್ರಿ. ಕ್ಷೌರದ ಅಂಗಡಿಯ ಲಾನಿ. ಅಂತ್ಯಸಂಸ್ಕಾರದವರ ಕಡೆಯ ಒಬ್ಬ. ಇನ್ನೂ ಒಂದು ಹಿಡಿ ಖಾಲಿ ಇತ್ತು.

ಅಷ್ಟರಲ್ಲಿ ಎರಡು ದೊಡ್ಡ ಕಾರು ಬಂದು ನಿಂತವು. ಹಾಲಿಫೀಲ್ಡ್ ಇಳಿದ. ರಸ್ತೆಯಲ್ಲಿ ನಡೆದದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹರಡಿದ್ದರು, ಅದಕ್ಕೇ ಓಡಿಬಂದದ್ದು. ವಿಮಾನದಿಂದ ಆಗಷ್ಟೇ ಇಳಿದವನನ್ನೂ ಎಳೆದು ತಂದಿದ್ದ. ಅವರ ಹಿಂದೆ ಕ್ಯಾಮೆರಾ ಹೊತ್ತವನೊಬ್ಬ.

"ಮಿಸ್ ವೆಲ್ಮಾ, ಇವರು ಕೋಲ್ಬಿ. ವಿಷಯ ಕೇಳಿದ ತಕ್ಷಣ ನೇರ ಇಲ್ಲಿಗೇ ಹೋಗೋಣ ಅಂದ್ರು. ಒಂದು ಹಿಡಿ ಇವರು ಹಿಡೀತಾರೆ. ಕುಟುಂಬ ಅಂದ್ರೆ ಇದೇ ಅಲ್ವಾ?"

ಹೊಸಬನಿಗೆ ಮೂವತ್ತೈದು ಇರಬಹುದು. ಹೊಚ್ಚಹೊಸ ನೇರಳೆ ಟೈ, ಮಡಿಕೆ ಇನ್ನೂ ಹಾಗೇ ಇತ್ತು. "ಕೋಚ್ ಟಿಡ್‌ವೆಲ್ ನನಗೆ ಗುರು ಇದ್ದ ಹಾಗೆ, ಮ್ಯಾಮ್" ಅಂದು ಹಿಡಿಯ ಮೇಲೆ ಕೈ ಇಟ್ಟ. ಬೆರಳಲ್ಲಿ ಎಲ್ಲೋ ಗೆದ್ದ ಪಂದ್ಯದ ದಪ್ಪ ಉಂಗುರ. ಕ್ಯಾಮೆರಾದವನು ಮಂಡಿಯೂರಿದ.

"ನೀನು ಅವನನ್ನ ಯಾವತ್ತಾದ್ರೂ ನೋಡಿದೀಯಾ?"

"ಇಲ್ಲ ಮ್ಯಾಮ್. ಆದ್ರೆ ತುಂಬಾ ಕೇಳಿದೀನಿ."

"ಯಾವಾಗ?"

ಅವನು ಹಾಲಿಫೀಲ್ಡ್‌ನ ಮುಖ ನೋಡಿದ. "ಕಾರಲ್ಲಿ" ಅಂದ. ಪಾಪ, ಸುಳ್ಳು ಹೇಳಲಿಕ್ಕೆ ಇನ್ನೂ ಅಷ್ಟು ಬರುತ್ತಿರಲಿಲ್ಲ. ಕಲಿಸುತ್ತಾರೆ.

"ಕೈ ತೆಗಿ."

ತೆಗೆದ.

ಆ ಹಿಡಿಯನ್ನು ನಾನು ಹಿಡಿದೆ. ಹಾಲಿಫೀಲ್ಡ್, "ಅಯ್ಯೋ, ನೀವು ಹೆಂಗಸರು, ಭಾರ ಇದೆ" ಅಂದ. ನಾನು ಅವನ ಕಡೆ ನೋಡಲಿಲ್ಲ. ನಾನು ಮೂವತ್ತು ವರ್ಷ ಕೋಳಿಯ ಕ್ರೇಟು ಎತ್ತಿದವಳು.

"ಎತ್ತೋಣವಾ, ಮಿಸ್ ವೆಲ್ಮಾ?" ಅಂದ ಜಕೋರಿ.

"ಎತ್ತೋಣ."

"ಬಗ್ಗಿ" ಅಂದ ಜಕೋರಿ. "ನಿಧಾನ." ಮೂರನೆಯದನ್ನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಭಾರ ಇತ್ತು. ಏರಿನ ಮೇಲೆ ಹಾಯ್ಟ್ ಒಮ್ಮೆ ತಡವರಿಸಿದ, ಜಕೋರಿ ಅವನ ಭಾರವನ್ನೂ ತನ್ನ ಕಡೆಗೆ ಎಳೆದುಕೊಂಡ. ಯಾರೂ ಮಾತಾಡಲಿಲ್ಲ. ಗುಂಡಿಯ ಪಕ್ಕ ಇಳಿಸಿದಾಗ ನನ್ನ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಓಪಲ್ ಬಂದು ಒಂದೊಂದಾಗಿ ಬಿಡಿಸಿದಳು.

ಎಲ್ಲ ಮುಗಿದ ಮೇಲೆ ಹಾಲಿಫೀಲ್ಡ್ ಹತ್ತಿರ ಬಂದು, ನಮ್ಮಿಂದ ಇನ್ನೇನಾದರೂ ಆಗಬೇಕಾ ಅಂತ ಕೇಳಿದ. ಕ್ಯಾಮೆರಾ ಆಗಲೇ ಕಾರಿಗೆ ಹೋಗಿತ್ತು, ಅದಕ್ಕೇ ಮೆಲ್ಲಗೆ ಕೇಳಿದ. ಫುಟ್‌ಬಾಲ್ ಹಾರ ಮಣ್ಣಿನ ಗುಡ್ಡೆಗೆ ಒರಗಿತ್ತು.

"ಆ ಹಾರ ತಗೊಂಡು ಹೋಗು" ಅಂದೆ. "ಹೊಸಬನಿಗೆ ಹಾಕು."

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಬಿಟ್ಟುಹೋಗುತ್ತಿದ್ದರು. ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಹಾರ ಎತ್ತಿಕೊಂಡು, ಹೂವು ಕೋಟಿಗೆ ತಾಗದ ಹಾಗೆ ದೂರ ಹಿಡಿದು, ಇಳಿಜಾರಿನಲ್ಲಿ ನಡೆದುಹೋಗಿ ಕಾರಿನ ಡಿಕ್ಕಿಯಲ್ಲಿ ಇಟ್ಟ.